ಆರು ಜನ, ಹತ್ತು ದಿನ, ಒಂದೇ ದೋಣಿ: ಅಯೋನಿಯನ್ ಸಮುದ್ರಕ್ಕೆ ಸ್ನೇಹಿತರು ಬಂದಾಗ

ಸರ್, ನಿಮ್ಮ ಪ್ರಶ್ನೆ ಓದಿದೆ. ನೀವಿಬ್ಬರು ಗ್ರೀಸಿನ ಲೆಫ್ಕಾಡ ದ್ವೀಪದಲ್ಲಿ 38 ಅಡಿ ಹಾಯಿದೋಣಿಯಲ್ಲಿ ವಾಸ ಇದ್ದೀರಿ. ಜೂನ್‌ನಲ್ಲಿ ಬೆಂಗಳೂರಿಂದ ಎರಡು ಜೋಡಿ ಸ್ನೇಹಿತರು ಹತ್ತು ದಿನಕ್ಕೆ ಬರುತ್ತಿದ್ದಾರೆ. ಅವರಿಗೆ ಉತ್ತರದ ಕೊರ್ಫು, ದಕ್ಷಿಣದ ಜಾಕಿಂಥೋಸ್ ದ್ವೀಪ ಎರಡೂ ತೋರಿಸಬಹುದಾ ಅಂತ ಕೇಳಿದ್ದೀರಿ. ನಾವೂ ಅದೇ ಸಮುದ್ರದಲ್ಲಿ ನಾಲ್ಕು ಬೇಸಿಗೆ ಕಳೆದಿದ್ದೇವೆ, ಸುಮಾರು ಜನ ಬಂದು ಹೋಗಿದ್ದಾರೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಎರಡೂ ಆಗುವುದಿಲ್ಲ. ದಯವಿಟ್ಟು ಅವರಿಗೆ ಈಗಲೇ ಹೇಳಿಬಿಡಿ. ಕೊರ್ಫುವಿನಿಂದ ಜಾಕಿಂಥೋಸ್‌ಗೆ 100 ನಾಟಿಕಲ್ ಮೈಲಿಗೂ (ಸುಮಾರು 185 ಕಿ.ಮೀ.) ಜಾಸ್ತಿ. ನಮ್ಮಂಥ ದೋಣಿ ಗಂಟೆಗೆ 5 ಮೈಲಿ ಹೋಗುತ್ತದೆ ಅಂದುಕೊಂಡರೂ ಒಂದು ಕಡೆಗೇ 20 ಗಂಟೆ. ಬೇಸಿಗೆಯಲ್ಲಿ ಅಲ್ಲಿ ಗಾಳಿ ವಾಯುವ್ಯದಿಂದ ಬೀಸುತ್ತದೆ. ಮೈಸ್ತ್ರೋ ಅಂತಾರಲ್ಲ, ಅದು. ದಕ್ಷಿಣಕ್ಕೆ ಇಳಿಯುವಾಗ ಸುಖ, ಉತ್ತರಕ್ಕೆ ವಾಪಸ್ ಬರುವಾಗ ಅಲೆ ಮುಖಕ್ಕೇ ಬಡಿಯುತ್ತದೆ. ರಜೆಗೆ ಬಂದವರಿಗೆ ಆ ವಾಪಸ್ ಪ್ರಯಾಣವೇ ನೆನಪಲ್ಲಿ ಉಳಿಯುವುದು.

ಎರಡನೇ ವರ್ಷ ನಾನು ಇದೇ ತಪ್ಪು ಮಾಡಿದೆ. ಸ್ನೇಹಿತರ ವಿಮಾನ ಶನಿವಾರ ಬೆಳಿಗ್ಗೆ. ಶುಕ್ರವಾರ ಬೆಳಿಗ್ಗೆ ನಾವಿನ್ನೂ ದಕ್ಷಿಣದ ಕೆಫಲೋನಿಯಾ ದ್ವೀಪದ ಫಿಸ್ಕಾರ್ಡೊದಲ್ಲೇ ಇದ್ದೆವು. ಉತ್ತರದ ಗಾಳಿ ಜೋರಾಗಿತ್ತು. ಬೇರೆ ದಿನವಾಗಿದ್ದರೆ ಲಂಗರು ಎತ್ತುತ್ತಲೇ ಇರಲಿಲ್ಲ. ವಿಮಾನ ಇದೆ ಅಂತ ಹೊರಟೆ. ಲೆಫ್ಕಾಡದ ನಿದ್ರಿ ಎಂಬ ಊರಿಗೆ 20 ಮೈಲಿಯೂ ಇಲ್ಲ, ಆದರೂ ಐದು ಗಂಟೆ ಹಿಡಿಯಿತು. ಸ್ನೇಹಿತನ ಹೆಂಡತಿ ಕೆಳಗೆ ಕ್ಯಾಬಿನ್ ನೆಲದ ಮೇಲೆ ಮಲಗಿಬಿಟ್ಟರು, ಮೇಜಿನ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಅವನು ಬಕೆಟ್ ಹಿಡಿದು ಪಕ್ಕದಲ್ಲಿ ಕೂತಿದ್ದ. ಮೊದಲ ಎಂಟು ದಿನ ಅಷ್ಟು ಖುಷಿಯಾಗಿ ಈಜಿದ್ದರು. ಆದರೆ ಆಮೇಲೆ ಅವರು ದೋಣಿ ಹತ್ತಲೇ ಇಲ್ಲ. ನನಗೆ ಇವತ್ತಿಗೂ ಅದರ ಬೇಜಾರಿದೆ. ಹಿಂದಿನ ದಿನವೇ ಅವರನ್ನು ಫಿಸ್ಕಾರ್ಡೊದಿಂದ ಲೆಫ್ಕಾಡದ ವಾಸಿಲಿಕಿಗೆ ಫೆರಿಯಲ್ಲಿ ಕಳಿಸಿ, ಅಲ್ಲಿಂದ ಟ್ಯಾಕ್ಸಿ ಹಿಡಿಸಬಹುದಿತ್ತು.

ಆವತ್ತಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮ. ಕೊನೆಯ ಎರಡು ರಾತ್ರಿ ವಿಮಾನ ನಿಲ್ದಾಣಕ್ಕೆ ರಸ್ತೆ ಇರುವ ಬಂದರಿನಲ್ಲೇ. ನಿಮಗಾದರೆ ಲೆಫ್ಕಾಡ ಊರಿನಿಂದ ಪ್ರೆವೆಜಾದ ವಿಮಾನ ನಿಲ್ದಾಣ ಕಾರಿನಲ್ಲಿ ಅರ್ಧ ಗಂಟೆಯೊಳಗೆ. ಅದಕ್ಕಿಂತ ಅನುಕೂಲ ಇನ್ನೇನು ಬೇಕು?

ಹತ್ತು ದಿನಕ್ಕೆ ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲ ರಾತ್ರಿ ಮರೀನಾದಲ್ಲೇ ಬಿಡಿ, ಅವರು ನಿದ್ದೆಗೆಟ್ಟು ಬಂದಿರುತ್ತಾರೆ. ಮರುದಿನ ಕಾಲುವೆ ದಾಟಿ ಮೆಗಾನಿಸಿ ದ್ವೀಪಕ್ಕೆ. ಅಲ್ಲಿ ಎರಡು ರಾತ್ರಿ ಇದ್ದು ದೋಣಿಗೆ ಒಗ್ಗಿಕೊಳ್ಳಲಿ. ಆಮೇಲೆ ಇಥಾಕಾ ದ್ವೀಪದ ಕಿಯೋನಿ, ವಥಿ. ಗಾಳಿ ಒಪ್ಪಿದರೆ ಕೆಫಲೋನಿಯಾದ ಅಗಿಯಾ ಎಫಿಮಿಯಾ. ಅಲ್ಲಿಂದ ಟ್ಯಾಕ್ಸಿಯಲ್ಲಿ ಮೆಲಿಸ್ಸಾನಿ ಗುಹೆಗೆ ಹೋಗಿ. ಗುಹೆಯ ಚಾವಣಿ ಕುಸಿದು ಮೇಲೆ ಬಾಯಿ ತೆರೆದಿದೆ. ನಡುಮಧ್ಯಾಹ್ನ ಬಿಸಿಲು ನೇರವಾಗಿ ಬಿದ್ದಾಗ ಒಳಗಿನ ಕೆರೆ ನೀಲಿಯಾಗಿ ಹೊಳೆಯುತ್ತದೆ. ಬೇರೆ ಹೊತ್ತಿಗೆ ಹೋದರೆ ಆ ಸೊಗಸಿಲ್ಲ. ಬರುತ್ತಾ ಫಿಸ್ಕಾರ್ಡೊ. 1953ರ ಭೂಕಂಪದಲ್ಲಿ ಕೆಫಲೋನಿಯಾದ ಬಹುಪಾಲು ಊರುಗಳು ನೆಲಸಮವಾದವು, ಇದು ಉಳಿದುಕೊಂಡಿತು. ಹಳೆಯ ಮನೆಗಳು ಇನ್ನೂ ಇವೆ. ಮಧ್ಯಾಹ್ನದೊಳಗೆ ತಲುಪಿ, ತಡವಾದರೆ ಜಾಗ ಸಿಗುವುದಿಲ್ಲ. ಆಗ ಕೊಲ್ಲಿಯ ಉತ್ತರ ದಂಡೆಯಲ್ಲಿ ಲಂಗರು ಹಾಕಿ ಬಂಡೆಗೆ ಉದ್ದ ಹಗ್ಗ ಕಟ್ಟಬೇಕಾಗುತ್ತದೆ. ಈ ಪಟ್ಟಿಯಲ್ಲಿ ಎರಡು ಊರು ತಪ್ಪಿದರೂ ಏನೂ ನಷ್ಟವಿಲ್ಲ. ಊರಿನ ಹೆಸರು ಹೇಳಿ ಮಾತು ಕೊಡಬೇಡಿ, ಅಷ್ಟೇ.

ದಿನದ ಲೆಕ್ಕವೂ ಗಾಳಿಯದ್ದೇ. ಬೆಳಿಗ್ಗೆ ಸಮುದ್ರ ತಟ್ಟೆಯ ಹಾಗಿರುತ್ತದೆ. ಮಧ್ಯಾಹ್ನದ ಮೇಲೆ ಗಾಳಿ ಏರುತ್ತದೆ, ಸಂಜೆ ಇಳಿಯುತ್ತದೆ. ಹೊಸಬರನ್ನು ಬೆಳಿಗ್ಗೆ ಬೇಗ ಹೊರಡಿಸಿ. ಖಾಲಿ ಹೊಟ್ಟೆಯಲ್ಲಿ ಮಾತ್ರ ಬೇಡ. ಎರಡು ಇಡ್ಲಿನೋ ಒಣ ಬ್ರೆಡ್ಡೋ ತಿಂದಿರಲಿ. ವಾಂತಿಯ ಮಾತ್ರೆ ತಗೊಳ್ಳುವವರು ಹೊರಡುವ ಮುಂಚೆಯೇ ತಗೊಳ್ಳಬೇಕು, ಸಂಕಟ ಶುರುವಾದ ಮೇಲೆ ಪ್ರಯೋಜನ ಕಡಿಮೆ. ಯಾವ ಮಾತ್ರೆ ಅಂತ ಅವರ ಡಾಕ್ಟರನ್ನು ಕೇಳಿಕೊಂಡು ಬರಲಿ. ಮುಖ ಬಿಳಿಚಿಕೊಂಡವರ ಕೈಗೆ ಚುಕ್ಕಾಣಿ ಕೊಟ್ಟು ದೂರದ ಬೆಟ್ಟ ನೋಡಲು ಹೇಳಿ. ಎಷ್ಟೋ ಜನ ಇದರಿಂದಲೇ ಸುಧಾರಿಸಿಕೊಂಡಿದ್ದಾರೆ.

ಇನ್ನು ನೀರು. ನಾವಿಬ್ಬರೇ ಇದ್ದಾಗ ದಿನಕ್ಕೆ 30, 40 ಲೀಟರ್ ಸಾಕು. ಆರು ಜನ ಆದರೆ 100 ಲೀಟರ್ ದಾಟುತ್ತದೆ. ನಮ್ಮ ಟ್ಯಾಂಕ್ 350 ಲೀಟರ್, ಅಂದರೆ ಮೂರು ದಿನ. ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುವುದು ನಮ್ಮವರಿಗೆ ಅಭ್ಯಾಸ, ಅಲ್ವಾ? ಸಮುದ್ರದ ನೀರಲ್ಲಿ ತೊಳೆದು ಕೊನೆಗೆ ಒಂದು ಚೊಂಬು ಸಿಹಿನೀರು ಹಾಕುವುದನ್ನು ಮೊದಲ ದಿನವೇ ತೋರಿಸಿಬಿಡಿ. ಈಜಿ ಬಂದ ಮೇಲೆ ಮೈಗೂ ಒಂದು ಚೊಂಬೇ.

ಟಾಯ್ಲೆಟ್ ಬಗ್ಗೆ ಸಂಕೋಚ ಬಿಟ್ಟು ಹೇಳಬೇಕು. ಒಳಗೆ ಪೇಪರೂ ಬೇಡ, ವೈಪ್ಸೂ ಬೇಡ. ಪ್ರತಿ ಸಲ ಇಪ್ಪತ್ತು ಸಲ ಪಂಪ್ ಹೊಡೆಯಬೇಕು. ಮೆಗಾನಿಸಿಯಲ್ಲಿ ಒಂದು ವೈಪ್ ಸಿಕ್ಕಿಹಾಕಿಕೊಂಡು, ನಾನು ಮೂರು ಗಂಟೆ ಮಂಡಿಯೂರಿ ಪೈಪು ಬಿಚ್ಚಿದ್ದೇನೆ. ಹಾಕಿದವರು ಪಾಪ ಅಳುವ ಹಾಗಾಗಿದ್ದರು. ತಪ್ಪು ಅವರದ್ದಲ್ಲ, ನಾನು ಮೊದಲೇ ಹೇಳಿರಲಿಲ್ಲ.

ಬಂದರಿನಲ್ಲಿ ಹಿಂಬದಿ ದಡಕ್ಕೆ ಮಾಡಿ ಕಟ್ಟುವಾಗ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ ಕೊಡಿ. ಒಬ್ಬರು ಫೆಂಡರ್ (ದೋಣಿ ಉಜ್ಜದ ಹಾಗೆ ಪಕ್ಕಕ್ಕೆ ತೂಗುಬಿಡುವ ದಿಂಬು), ಒಬ್ಬರು ಎಡಗಡೆ ಹಗ್ಗ, ಒಬ್ಬರು ಬಲಗಡೆ. ಲಂಗರು ಮಾತ್ರ ನಿಮ್ಮ ಮನೆಯವರ ಕೈಲೇ ಇರಲಿ. ಆಳದ ನಾಲ್ಕೈದು ಪಟ್ಟು ಸರಪಳಿ ಬಿಡುವುದನ್ನು ಹೊಸಬರಿಗೆ ಆ ಗಡಿಬಿಡಿಯಲ್ಲಿ ಹೇಳಿಕೊಡಲು ಆಗುವುದಿಲ್ಲ. ಮತ್ತೆ ಇದನ್ನು ಎರಡು ಸಲ ಹೇಳಿ: ದೋಣಿ ಗೋಡೆಗೆ ತಾಗುತ್ತಿದ್ದರೆ ಕೈ ಕಾಲು ಅಡ್ಡ ಇಡಬೇಡಿ. ಏಳೆಂಟು ಟನ್ ತೂಕ. ದೋಣಿಗೆ ಗೀರು ಬಿದ್ದರೆ ಬಣ್ಣ ಹಚ್ಚಬಹುದು. ರಾತ್ರಿ ಒಬ್ಬರೇ ಡೆಕ್ ಅಂಚಿಗೆ ಹೋಗಬಾರದು. ಎಂಜಿನ್ ಓಡುವಾಗ ಯಾರೂ ನೀರಿಗೆ ಇಳಿಯಬಾರದು. ನೀವೇ ನೀರಿಗೆ ಬಿದ್ದರೆ ಎಂಜಿನ್ ಚಾಲೂ ಮಾಡುವುದು, ರೇಡಿಯೋದಲ್ಲಿ ತುರ್ತು ಕರೆಯ 16ನೇ ಚಾನೆಲ್‌ನಲ್ಲಿ ಕರೆಯುವುದು ಇನ್ನೊಬ್ಬರಿಗಾದರೂ ಗೊತ್ತಿರಬೇಕು.

ಖರ್ಚು ಹಂಚಿಕೊಳ್ಳಬಹುದಾ ಅಂತಲೂ ಕೇಳಿದ್ದಿರಿ. ದಿನಸಿ, ಡೀಸೆಲ್, ಬಂದರಿನ ಬಾಡಿಗೆಗೆ ನಾವು ಒಂದು ಡಬ್ಬಿ ಇಡುತ್ತೇವೆ, ಎಲ್ಲರೂ ಸಮನಾಗಿ ಹಾಕುತ್ತಾರೆ. ಅದಕ್ಕಿಂತ ಜಾಸ್ತಿ ತಗೊಂಡರೆ ಅದು ಬಾಡಿಗೆ ದೋಣಿಯ ವ್ಯವಹಾರ ಆಗಿಬಿಡಬಹುದು, ವಿಮೆಗೆ ಕುತ್ತು ಬರಬಹುದು. ನಿಮ್ಮ ಪಾಲಿಸಿ ತೆಗೆದು ಓದಿ.

ವೀಸಾ ಮರೆಯಬೇಡಿ. ಮುಂದೆ ಯಾವತ್ತಾದರೂ ಅವರನ್ನು ಕೊರ್ಫುವಿಗೆ ಕರೆದೊಯ್ದರೆ, ಎದುರಿಗೇ ಅಲ್ಬೇನಿಯಾ ಕಾಣುತ್ತದೆ. ಒಂದು ದಿನ ಹೋಗಿ ಬರೋಣ ಅನ್ನಿಸುತ್ತದೆ. ಅದು ಶೆಂಗೆನ್ ಅಲ್ಲ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ ಸೇರಿಲ್ಲ. ಒಂದೇ ಪ್ರವೇಶದ ವೀಸಾ ಇದ್ದವರು ಹೊರಗೆ ಹೋದರೆ ವಾಪಸ್ ಬರಲಾಗದು.

ಕೊನೆಯದಾಗಿ, ಈ ಗುಂಪು ಹೋದ ಮೇಲೆ ಮುಂದಿನವರು ಬರುವ ನಡುವೆ ಮೂರು ದಿನವಾದರೂ ಖಾಲಿ ಇಟ್ಟುಕೊಳ್ಳಿ. ಅವರಿಗೆ ಅದು ರಜೆ, ನಿಮಗೆ ಮನೆ. ಅಡುಗೆ, ಬಟ್ಟೆ, ರಿಪೇರಿ ಎಲ್ಲ ಕಾಯುತ್ತಿರುತ್ತವೆ. ನನ್ನ ಹೆಂಡತಿ ಎರಡನೇ ವರ್ಷ ಸುಸ್ತಾಗಿ ಹೋಗಿದ್ದಳು, ನಾನು ಗಮನಿಸಿದ್ದು ತಡವಾಗಿ.

ಬರುವವರಿಗೆ ಗಟ್ಟಿ ಸೂಟ್‌ಕೇಸ್ ಬೇಡ, ಮಡಚಿಡುವ ಬಟ್ಟೆಯ ಬ್ಯಾಗು ತನ್ನಿ ಅನ್ನಿ. ಸಾರಿನ ಪುಡಿ, ಹುಣಸೆಹಣ್ಣು ತರಿಸಿಕೊಳ್ಳಿ. ತುಪ್ಪ ಬೇಡ, ಹಾಲಿನ ಪದಾರ್ಥ ಭಾರತದಿಂದ ಅಲ್ಲಿಗೆ ತರುವಂತಿಲ್ಲ. ಮೊಸರಿಗೇನೂ ಚಿಂತೆಯಿಲ್ಲ. ಅಲ್ಲಿನ ಗಟ್ಟಿ ಮೊಸರಿಗೆ ಸ್ವಲ್ಪ ಹಾಲು ಬೆರೆಸಿ ಮೊಸರನ್ನ ಕಲಸಿದರೆ, ಲಂಗರು ಹಾಕಿದ ಸಂಜೆ ಆರೂ ಜನ ಪಾತ್ರೆ ಖಾಲಿ ಮಾಡುತ್ತಾರೆ. ನಿಮ್ಮ ಹತ್ತಿರ ಇಲ್ಲದಿದ್ದರೆ ಐದು ಲೀಟರಿನ ಕುಕ್ಕರ್ ಒಂದನ್ನು ಅವರ ಕೈಲೇ ತರಿಸಿ. ದೋಣಿ ಅಲ್ಲಾಡಿದರೂ ಮುಚ್ಚಳ ಬಿಚ್ಚಿಕೊಳ್ಳುವುದಿಲ್ಲ, ಗ್ಯಾಸೂ ಉಳಿಯುತ್ತದೆ.