ಆನ್‌ಲೈನ್‌ನಲ್ಲಿ ಡಾಕ್ಟರಿಗೆ ತೋರಿಸುವವರು ಯಾರು, ಯಾಕೆ?

ಕಾಯಿಲೆ ಹೆಚ್ಚಿರುವುದು ವಯಸ್ಸಾದವರಿಗೆ, ಹಾಗಾದರೆ ಆನ್‌ಲೈನ್ ಡಾಕ್ಟರನ್ನು ಬಳಸುವವರೂ ಅವರೇ ಇರಬೇಕಲ್ಲ ಎಂದು ಕೇಳಿದ್ದೀರಿ. ನಡೆಯುವುದು ಹೆಚ್ಚುಕಡಿಮೆ ತಿರುಗಾಮುರುಗಾ. ಸಾಮಾನ್ಯ ವೈದ್ಯರ ಮಟ್ಟದಲ್ಲಿ ಇದನ್ನು ಹೆಚ್ಚು ಬಳಸುವವರು ದುಡಿಯುವ ವಯಸ್ಸಿನವರು, ಅವರಲ್ಲೂ ಹೆಂಗಸರು. ಮಗುವಿನ ಜ್ವರಕ್ಕೂ ಅಪ್ಪನ ಬಿಪಿ ಮಾತ್ರೆಗೂ ಫೋನ್ ಹಿಡಿಯುವವರು ಅವರೇ. ಎಷ್ಟೋ ಸಲ ಹಿರಿಯರು ಮಗಳ ಫೋನಿನ ಪಕ್ಕದಲ್ಲಿ ಕೂತಿರುತ್ತಾರೆ, ಅಷ್ಟೆ.

ಯಾಕೆ ಎಂದು ಕೇಳಿದರೆ 'ಅನುಕೂಲ' ಎಂದುಬಿಡುತ್ತಾರೆ. ನನ್ನ ಪ್ರಕಾರ ಅದು ಅರ್ಧ ಉತ್ತರ. ತನಗೇನಾಗಿದೆ, ಏನು ಬೇಕು ಎಂದು ಬಹುಪಾಲು ಗೊತ್ತಿರುವವರೇ ಇತ್ತ ಬರುವುದು: ಮುಗಿದ ಥೈರಾಯ್ಡ್ ಮಾತ್ರೆಗೆ ಹೊಸ ಚೀಟಿ, ರಕ್ತಪರೀಕ್ಷೆಯ ರಿಪೋರ್ಟ್, ರಜೆಗೆ ಸರ್ಟಿಫಿಕೇಟ್. ಹತ್ತು ನಿಮಿಷದ ಮಾತಿಗೆ ಅರ್ಧ ದಿನದ ಕೆಲಸ ಯಾಕೆ ಬಿಡಬೇಕು ಎನ್ನುವುದು ಅವರ ಲೆಕ್ಕ. ಸಂಕೋಚದವರದು ಇನ್ನೊಂದು ಗುಂಪು. ಗುಪ್ತಾಂಗದ ತುರಿಕೆಯನ್ನೋ ಮನಸ್ಸಿನ ಕಳವಳವನ್ನೋ ಎದುರು ಕೂತು ಹೇಳುವುದಕ್ಕಿಂತ ಬರೆದು ತಿಳಿಸುವುದು ಅವರಿಗೆ ಸಲೀಸು.

ಎಡವುವುದು ಬರೆಯುವಾಗ. 'ಎರಡು ದಿನದಿಂದ ಹುಷಾರಿಲ್ಲ' ಎಂದಷ್ಟೇ ಕಳಿಸಿದರೆ ಪ್ರಶ್ನೆಯೇ ವಾಪಸ್ ಬರುತ್ತದೆ. ಜ್ವರ ಎಷ್ಟು ಡಿಗ್ರಿ, ಅಳೆದದ್ದು ಯಾವಾಗ, ಈಗಾಗಲೇ ನುಂಗುತ್ತಿರುವ ಮಾತ್ರೆ ಯಾವುದು, ಎಷ್ಟು ಎಂಜಿ, ಯಾವ ಔಷಧಿ ಒಗ್ಗುವುದಿಲ್ಲ, ಗರ್ಭಿಣಿಯೇ ಎಂಬುದೆಲ್ಲ ಇರಲಿ. ಮಗುವಾದರೆ ತೂಕ ಬೇಕೇ ಬೇಕು, ಡೋಸ್ ನಿಂತಿರುವುದೇ ಅದರ ಮೇಲೆ. ಬಿಪಿ ಕಳಿಸುವುದಾದರೆ 5 ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟಕ್ಕಿಟ್ಟು, ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಎರಡನ್ನೂ ಬರೆಯಿರಿ.

ಚರ್ಮದ ಫೋಟೋ ಕೆಡುವುದು ಫ್ಲ್ಯಾಶ್‌ನಿಂದ. ಬೆಳಕು ಬಡಿದ ಜಾಗ ಬೆಳ್ಳಗಾಗಿ ಬಣ್ಣವೇ ಹಾರಿಹೋಗುತ್ತದೆ. ಕಿಟಕಿಯ ಬೆಳಕಿನಲ್ಲಿ ನಿಂತು, ಮೈಯ ಯಾವ ಭಾಗವೆಂದು ತಿಳಿಯುವಂತೆ ದೂರದಿಂದ ಒಂದು, ಪಕ್ಕದಲ್ಲಿ ನಾಣ್ಯವಿಟ್ಟು ಗೇಣುದೂರದಿಂದ ಇನ್ನೊಂದು ತೆಗೆಯಿರಿ. ತೀರಾ ಹತ್ತಿರ ಹಿಡಿದರೆ ಮಸುಕಾಗುತ್ತದೆ. ಕಪ್ಪು ಮೈಬಣ್ಣದ ಮೇಲೆ ಕೆಂಪು ಎದ್ದು ಕಾಣದು; ಮುಟ್ಟಿದರೆ ಬಿಸಿಯೇ, ಒತ್ತಿದರೆ ನೋವೇ ಎಂದು ಮಾತಿನಲ್ಲೇ ಹೇಳಬೇಕು.

ಕಿವಿಯೊಳಗಿನ ನೋವು, ಹೊಟ್ಟೆನೋವು, ಹೊಸ ಗಂಟು ಇವಕ್ಕೆ ಆನ್‌ಲೈನ್ ದಂಡ. ಇಣುಕಿ ನೋಡದೆ, ಕೈಯಿಂದ ಒತ್ತಿ ನೋಡದೆ ಯಾವ ಡಾಕ್ಟರೂ ತೀರ್ಮಾನಿಸಲಾರರು. ಕೊನೆಗೆ 'ಬಂದು ತೋರಿಸಿ' ಎನ್ನುತ್ತಾರೆ, ನಿಮಗೆ ಎರಡು ಕೆಲಸ. ಎದೆನೋವು, ಉಬ್ಬಸ, ಬಾಯಿ ಸೊಟ್ಟಗಾಗುವುದು, ಜ್ವರದ ಜೊತೆ ಗಾಜಿನ ಲೋಟ ಒತ್ತಿದರೂ ಮಾಸದ ಕಲೆಗಳು, 3 ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ: ಇಂಥ ಹೊತ್ತಿನಲ್ಲಿ ಟೈಪ್ ಮಾಡುತ್ತ ಕೂರದೆ ಆಸ್ಪತ್ರೆಗೆ ಹೊರಡಿ. ನೀವು ಆನ್‌ಲೈನ್‌ನಲ್ಲಿ ತುಂಬಿದ ಫಾರಂ ಅನ್ನು ಡಾಕ್ಟರು ತೆರೆದು ನೋಡುವುದು ನಾಳೆ ಬೆಳಿಗ್ಗೆ ಇರಬಹುದು.