ರ‍್ಯಾಮ್ ಹೆಚ್ಚಿಸಿದ ಮೇಲೆ ನೀಲಿ ಪರದೆ

ಪ್ರಶ್ನೆ: ಕಂಪ್ಯೂಟರಿನಲ್ಲಿ 16 ಜಿಬಿ ಡಿಡಿಆರ್4 ರ‍್ಯಾಮ್ ಇತ್ತು. ಇನ್ನೆರಡು ಸ್ಟಿಕ್ ಸೇರಿಸಿ 32 ಮಾಡಿದೆ, ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ಸ್) ಎಕ್ಸ್‌ಎಂಪಿ, ಅಂದರೆ ರ‍್ಯಾಮ್ ಅನ್ನು ಪೆಟ್ಟಿಗೆ ಮೇಲಿನ ವೇಗಕ್ಕೆ ಏರಿಸುವ ಸೆಟ್ಟಿಂಗ್, ಆನ್ ಮಾಡಿ ವೇಗ 3600ಕ್ಕೆ ಇಟ್ಟೆ. ಆಗಿನಿಂದ ಗೇಮ್ ಮಧ್ಯೆ ನೀಲಿ ಪರದೆ ಬಂದು ವಿಂಡೋಸ್ ಕ್ರ್ಯಾಶ್ ಆಗುತ್ತಿದೆ. ಹೊಸ ರ‍್ಯಾಮ್ ಕೆಟ್ಟಿದೆಯಾ?

ಉತ್ತರ: ಇರಬಹುದು, ಆದರೆ ಈಗಲೇ ವಾಪಸ್ ಕೊಡಬೇಡಿ. ಮೊದಲು ಎಕ್ಸ್‌ಎಂಪಿ ಆಫ್ ಮಾಡಿ ಎರಡು ದಿನ ಬಳಸಿ ನೋಡಿ. ಡಿಡಿಆರ್4ನ ಅಧಿಕೃತ ವೇಗ 3200ಕ್ಕೇ ಮುಗಿಯುತ್ತದೆ, ಅದೂ 1.2 ವೋಲ್ಟ್‌ನಲ್ಲಿ. ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದಿರುವ 3600 ಅಂದರೆ ಓವರ್‌ಕ್ಲಾಕ್ (ಅಧಿಕೃತ ಮಿತಿ ಮೀರಿದ ವೇಗ), ಅದಕ್ಕೆ ಸಾಮಾನ್ಯವಾಗಿ 1.35 ವೋಲ್ಟ್ ಬೇಕು, ಆ ಭಾರ ಹೊರಬೇಕಾದದ್ದು ಪ್ರೊಸೆಸರ್ ಒಳಗಿರುವ ಮೆಮೊರಿ ಕಂಟ್ರೋಲರ್. ಎರಡು ಸ್ಟಿಕ್‌ನಲ್ಲಿ ಸಲೀಸಾಗಿ ಓಡಿದ್ದು ನಾಲ್ಕಾದಾಗ ಎಡವುವುದು ತುಂಬಾ ಸಾಮಾನ್ಯ, ಅದರಲ್ಲೂ ನಿಮ್ಮದು ಬೇರೆ ಬೇರೆ ಸಲ ಕೊಂಡ ಸೆಟ್ ಅಲ್ವಾ.

ಕ್ರ್ಯಾಶ್ ನಿಂತರೆ ಎಕ್ಸ್‌ಎಂಪಿ ಆನ್ ಮಾಡಿ ವೇಗ ಮಾತ್ರ 3200ಕ್ಕೆ ಇಳಿಸಿ, ಅಲ್ಲೂ ತಕರಾರು ಮಾಡಿದರೆ 3000ಕ್ಕೆ. ನಿಲ್ಲದಿದ್ದರೆ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಪ್ಲಸ್ ಎಂಬ ರ‍್ಯಾಮ್ ಪರೀಕ್ಷಿಸುವ ಪ್ರೋಗ್ರಾಂ ಓಡಿಸಿ, ಒಂದೊಂದೇ ಸ್ಟಿಕ್ ಅನ್ನು ಒಂದೇ ಸ್ಲಾಟ್‌ನಲ್ಲಿಟ್ಟು, ರಾತ್ರಿಯಿಡೀ ಬಿಟ್ಟರೂ ಒಳ್ಳೆಯದೇ. ಎಕ್ಸ್‌ಎಂಪಿ ಇಲ್ಲದೆಯೂ ಒಂದೇ ಒಂದು ಎರರ್ ಕಂಡರೆ ಆ ಸ್ಟಿಕ್ ಬದಲಿಸಿ. ಸುಮ್ನೆ ವಿಂಡೋಸ್ ಮತ್ತೆ ಹಾಕಬೇಡಿ, ಮುಖ್ಯವಾದ ಫೈಲ್‌ಗಳನ್ನೂ ಅಲ್ಲಿಯವರೆಗೆ ಕಾಪಿ ಮಾಡಬೇಡಿ, ಕೆಟ್ಟ ಮೆಮೊರಿ ಸದ್ದಿಲ್ಲದೆ ಅವನ್ನು ಕೆಡಿಸಿಬಿಡುತ್ತದೆ.