ಮೊದಲು ಓದಿ ಮುಗಿಸಿದವರು ಪೆನ್ನು ಮುಚ್ಚಿಡಿ

ಎಂಟು ಜನರ ಓದುಗರ ಗುಂಪು. ಅದರಲ್ಲಿ ಎಲ್ಲರಿಗಿಂತ ಬೇಗ ಓದಿ ಮುಗಿಸುವವರು ನೀವು. ಅಭಿಪ್ರಾಯ ಬಿಸಿ ಇರುವಾಗಲೇ ವಾಟ್ಸಾಪ್‌ಗೆ ಹಾಕಬೇಕಾ, ಸೇರುವ ದಿನದವರೆಗೆ ಕಾಯಬೇಕಾ, ಇಷ್ಟವಾಗದ ಪುಸ್ತಕಕ್ಕೆ ಐದರಲ್ಲಿ ಎಷ್ಟು ಸ್ಟಾರ್ ಕೊಟ್ಟರೆ ಯಾರಿಗೂ ಬೇಜಾರಾಗಲ್ಲ ಅಂತ ಕೇಳಿದ್ದೀರಿ. ಓದಿದಾಗ ನನ್ನದೇ ಹಳೇ ಫೋಟೋ ಸಿಕ್ಕ ಹಾಗಾಯಿತು. ಆ ಫೋಟೋದಲ್ಲಿ ನನ್ನ ಅಂಗಿ ಜೇಬಿನಲ್ಲಿ ಒಂದು ನೀಲಿ ಬಾಲ್‌ಪೆನ್ ಇದೆ. ಕೆಟ್ಟಿದ್ದು ಅದರಿಂದಲೇ.

ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಸುಮಾರು ಹತ್ತು ವರ್ಷದ ಹಿಂದೆ ನಾವು ಆರು ಜನ ತಿಂಗಳಿಗೊಮ್ಮೆ ಟೀಚರಮ್ಮನ ಮನೆ ಜಗಲಿಯಲ್ಲಿ ಸೇರುತ್ತಿದ್ದೆವು. ಟೀಚರಮ್ಮ ಮತ್ತು ಅವರ ಯಜಮಾನರು, ಡಿಗ್ರಿ ಓದುತ್ತಿದ್ದ ಒಬ್ಬಳು ಹುಡುಗಿ, ಬಸ್ ಕಂಡಕ್ಟರ್ ಅಣ್ಣ, ನಾನು, ಮತ್ತೆ ಪೋಸ್ಟ್ ಮಾವ. ಮಾವ ಅಂದರೆ ಸಂಬಂಧವೇನೂ ಇಲ್ಲ. ಮೇಗರವಳ್ಳಿ ಆಸುಪಾಸಿನ ಊರುಗಳಿಗೆ ಕಾಗದ ಹಂಚಿ ನಿವೃತ್ತರಾದವರು, ಊರಿಗೆಲ್ಲ ಮಾವ. ಅವರ ಹಿಂದೆ ಯಾವಾಗಲೂ ಒಂದು ಕಪ್ಪು ನಾಯಿ. ನಾವು ಪುಸ್ತಕದ ಬಗ್ಗೆ ಮಾತಾಡುವಾಗ ಅದು ಜಗಲಿ ಮೆಟ್ಟಿಲ ಮೇಲೆ ಮಲಗಿರುತ್ತಿತ್ತು. ನಮ್ಮ ಅಭಿಪ್ರಾಯಗಳಿಗೆ ಅದು ಕೊಡುತ್ತಿದ್ದ ಬೆಲೆಯೂ ಅಷ್ಟೇ.

ಆ ಮಳೆಗಾಲಕ್ಕೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದೋಣ ಅಂತ ನಾನೇ ಹೇಳಿದ್ದು. ಇಟ್ಟಿಗೆ ಗಾತ್ರದ ಪುಸ್ತಕ. ಟೀಚರಮ್ಮನ ಮನೆಯಲ್ಲಿ ಒಂದು ಹಳೇ ಪ್ರತಿ ಇತ್ತು, ಗಂಡ ಹೆಂಡತಿಗೆ ಅದಾಯಿತು. ಉಳಿದ ನಾಲ್ವರಿಗೆ ನಾನು ಶಿವಮೊಗ್ಗಕ್ಕೆ ಹೋಗಿ ಒಂದು ಪ್ರತಿ ತಂದೆ. ಒಂದೇ ಪುಸ್ತಕ, ಕೈಯಿಂದ ಕೈಗೆ. ಮೊದಲು ನಾನು, ಆಮೇಲೆ ಹುಡುಗಿ, ಆಮೇಲೆ ಕಂಡಕ್ಟರ್ ಅಣ್ಣ, ಕೊನೆಗೆ ಪೋಸ್ಟ್ ಮಾವ. ದುಡ್ಡು ಕೊಟ್ಟವನು ಮೊದಲು ಓದೋದು ನ್ಯಾಯ ಅಲ್ವಾ? ಇಲ್ಲಿವರೆಗೆ ತಪ್ಪೇನಿಲ್ಲ.

ತಪ್ಪನ್ನ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಆ ಕಾದಂಬರಿಯನ್ನ ಓದುತ್ತಿದ್ದದ್ದು ಎರಡನೇ ಸಲ. ಉಳಿದ ಮೂವರಿಗೆ ಮೊದಲ ಸಲ. ಎರಡನೇ ಸಲ ಓದುವವನಿಗೆ ಒಂದು ಕೆಟ್ಟ ಸುಖ ಇರುತ್ತದೆ. ಮುಂದೆ ಏನಾಗುತ್ತದೆ ಅಂತ ಗೊತ್ತು, ಆದ್ದರಿಂದ ಮೊದಲ ಪುಟಗಳಲ್ಲಿ ಲೇಖಕರು ಎಲ್ಲೆಲ್ಲಿ ಬೀಜ ಹಾಕಿದ್ದಾರೆ ಅಂತ ಕಾಣುತ್ತದೆ. ಅದನ್ನ ಯಾರಿಗಾದರೂ ಹೇಳದೆ ಇರೋಕಾಗಲ್ಲ. ರಾತ್ರಿ ಹನ್ನೊಂದು ಗಂಟೆ, ಹೊರಗೆ ಜಡಿಮಳೆ, ಕರೆಂಟಿಲ್ಲ, ಹೇಳೋಕೆ ಯಾರೂ ಇಲ್ಲ. ಜೇಬಿನಲ್ಲಿ ಪೆನ್ನಿತ್ತು. ಪುಟದ ಅಂಚಿನಲ್ಲಿ ಬರೆದೆ.

ಪೆನ್ಸಿಲ್‌ನಲ್ಲಿ ಯಾಕೆ ಬರೆಯಲಿಲ್ಲ ಅಂತ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮಂಡಿಯಲ್ಲಿ ಪೆನ್ಸಿಲ್‌ಗೆ ಬೆಲೆ ಇಲ್ಲ. ಲೆಕ್ಕ ಅಂದರೆ ಪೆನ್ನು, ಅಳಿಸೋ ಹಾಗಿರಬಾರದು. ಆ ಅಭ್ಯಾಸ ಪುಸ್ತಕಕ್ಕೂ ಬಂತು. ಅಷ್ಟೇ ಅಲ್ಲ, ಮಂಡಿಯ ದರ್ಜೆಯೂ ಬಂತು. ನಮ್ಮಲ್ಲಿ ಅಡಿಕೆಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆಗಳಿವೆ. ಸರಕಿಗೆ ಒಳ್ಳೇ ರೇಟು, ಗೊರಬಲು ಎಲ್ಲಕ್ಕಿಂತ ಕೆಳಗೆ. ನಾನು ಒಂದೊಂದು ಅಧ್ಯಾಯ ಮುಗಿದಾಗಲೂ ಕೆಳಗೆ 'ಸರಕು' ಅಂತಲೋ 'ಗೊರಬಲು' ಅಂತಲೋ ಬರೆಯುತ್ತಾ ಹೋದೆ. ನಿಮ್ಮ ಐದು ಸ್ಟಾರ್ ಅನ್ನೋದು ನನಗೆ ಹೊಸದಲ್ಲ. ಮಧ್ಯದ ಒಂದು ಕಡೆ 'ಇಲ್ಲಿ ಎಳೆದಿದ್ದಾರೆ' ಅಂತ ಬರೆದು ಕೆಳಗೆ ಎರಡು ಗೆರೆ ಬೇರೆ ಎಳೆದೆ.

ಎಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಆ ಕಾದಂಬರಿ ಓದಿಲ್ಲದವರು ಈ ಪ್ಯಾರಾ ಬಿಟ್ಟುಬಿಡಿ. ನಾಯಿಗುತ್ತಿ ಅನ್ನುವವನು ಮತ್ತು 'ಹುಲಿಯ' ಅನ್ನೋ ಹೆಸರಿನ ಅವನ ನಾಯಿ ಕಾದಂಬರಿಯ ಮೊದಲಲ್ಲೇ ಬರುತ್ತಾರೆ. ಹುಲಿಯನಿಗೆ ಕೊನೆಗೆ ಏನಾಗುತ್ತದೆ ಅಂತ ಓದಿದವರಿಗೆ ಗೊತ್ತು. ಆ ನಾಯಿಯ ಹೆಸರು ಬಂದ ಮೊದಲ ಪುಟದಲ್ಲೇ ನಾನು ಹೆಸರಿಗೆ ಸುತ್ತು ಹಾಕಿದೆ. ಪಕ್ಕದಲ್ಲಿ ಬರೆದೆ: 'ಪಾಪ, ಕೊನೆಗೆ ಹೊಳೆ ಪಾಲು. ಇದೇ ಕಾದಂಬರಿಯ ಹೃದಯ.'

'ಕಾದಂಬರಿಯ ಹೃದಯ' ಅಂತೆ. ಎಂಥ ಜಂಬ ನೋಡಿ.

ಆಗ ನನ್ನ ಹತ್ತಿರ ಸಮರ್ಥನೆ ಇತ್ತು. 1967ರಲ್ಲಿ ಬಂದ ಪುಸ್ತಕ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ರಾತ್ರಿಯಿಡೀ ಒಂಬತ್ತು ಗಂಟೆ ನಾಟಕವಾಗಿ ಆಡಿದ್ದಾರೆ. ಅದೂ ನಮ್ಮದೇ ಸೀಮೆಯ ಕಥೆ. ಇದರಲ್ಲಿ ಗುಟ್ಟು ಏನು ಉಳಿದಿದೆ ಅಂದುಕೊಂಡೆ. ಪುಸ್ತಕಕ್ಕೆ ಐವತ್ತು ವರ್ಷ ವಯಸ್ಸಾದರೂ ಓದದವನಿಗೆ ಅದು ನಿನ್ನೆ ಅಚ್ಚಾದದ್ದೇ ಅನ್ನೋದು ಹೊಳೆಯಲಿಲ್ಲ.

ಆಗಸ್ಟ್‌ನಲ್ಲಿ ಸೇರಿದೆವು. ಹುಡುಗಿ ಮತ್ತು ಕಂಡಕ್ಟರ್ ಅಣ್ಣ ಓದಿ ಮುಗಿಸಿದ್ದರು. ಪುಸ್ತಕ ಆಗಷ್ಟೇ ಮಾವನ ಕೈಗೆ ಹೋಗಿತ್ತು. ಹುಡುಗಿ ಮೊದಲು ಮಾತಾಡಿದಳು. 'ಚೆನ್ನಾಗಿದೆ, ಮಧ್ಯದಲ್ಲಿ ಸ್ವಲ್ಪ ಎಳೆದಿದ್ದಾರೆ.' ನನಗೆ ಖುಷಿಯಾಯಿತು, ನನ್ನ ಹಾಗೇ ಅನಿಸಿದೆಯಲ್ಲ ಅಂತ. ಅಣ್ಣ ಬಾಯಿ ಬಿಟ್ಟ. 'ಮಧ್ಯ ಎಳೆದಿದ್ದಾರೆ. ನಾಯಿ ಇದೆಯಲ್ಲ, ಅದೇ ಹೃದಯ.' ಈ ಅಣ್ಣ 'ಹೃದಯ' ಅನ್ನೋ ಮನುಷ್ಯನೇ ಅಲ್ಲ! ಹಿಂದಿನ ತಿಂಗಳು ಬೇರೆ ಪುಸ್ತಕದ ಬಗ್ಗೆ ಟೀಚರಮ್ಮನ ಜೊತೆ ಅವನು ಮಾಡಿದ ಜಗಳಕ್ಕೆ ಪಕ್ಕದ ಮನೆಯವರು ಇಣುಕಿ ನೋಡಿದ್ದರು. ಅವತ್ತು ಮಾತ್ರ ಇಬ್ಬರೂ ಪಾಠ ಒಪ್ಪಿಸಿ ಸುಮ್ಮನಾದರು. ಹತ್ತು ನಿಮಿಷಕ್ಕೆ ಮಾತು ಮುಗಿಯಿತು. ಟೀಚರಮ್ಮ ಕಾಫಿ ಬೇಗ ತಂದರು.

ಮನೆಗೆ ಹೋಗುವಾಗ ಹುಡುಗಿ ಛತ್ರಿ ಬಿಚ್ಚುತ್ತಾ ಹೇಳಿದಳು. 'ಅಣ್ಣಾ, ನನಗೆ ಮಧ್ಯದ ಭಾಗವೇ ಇಷ್ಟ ಆಗಿತ್ತು. ನಿಮ್ಮ ಎರಡು ಗೆರೆ ನೋಡಿ, ನನಗೇ ತಿಳಿಯಲಿಲ್ಲವೇನೋ ಅಂದುಕೊಂಡೆ.'

ಅವತ್ತೇ ಮಾವನ ಮನೆಗೆ ಓಡಬೇಕಿತ್ತು. ಓಡಲಿಲ್ಲ. ಮಾವ ನಿಧಾನ ಓದುವವರು, ದಿನಕ್ಕೆ ಹತ್ತು ಪುಟ, ನಾಳೆ ಹೋದರಾಯಿತು ಅಂದುಕೊಂಡೆ. ಆದರೆ ನಾನು ಸುತ್ತು ಹಾಕಿದ ಪುಟ ಮೊದಲ ಹತ್ತರೊಳಗೇ ಇತ್ತು! ಇಷ್ಟು ಸಣ್ಣ ಲೆಕ್ಕ ತಪ್ಪಿದವನು ಮಂಡಿಯಲ್ಲಿ ಹೇಗೆ ಕೆಲಸ ಮಾಡುತ್ತಿದ್ದೆನೋ.

ಹಾಗಂತ ಮಾವ ಅಲ್ಲಿಗೇ ನಿಲ್ಲಿಸಿರಲಿಲ್ಲ. ಮೂರನೇ ಒಂದು ಭಾಗದವರೆಗೆ ಓದಿದ್ದರು. ಒಂದು ಸಂಜೆ ನಾಯಿ ಸಮೇತ ನಮ್ಮ ಮನೆಗೆ ಬಂದರು. ತುಂಗೆ ಉಕ್ಕಿ ರಾಮಮಂಟಪ ಮುಳುಗಿದ್ದ ವಾರ ಅದು. ಪುಸ್ತಕವನ್ನ ಪೇಪರ್‌ನಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ, ಟ್ವೈನ್ ದಾರ ಕಟ್ಟಿದ್ದರು. ಪೋಸ್ಟಿನವರ ಕಟ್ಟು, ಬಿಚ್ಚೋಕೆ ನನಗೆ ಐದು ನಿಮಿಷ ಬೇಕಾಯಿತು. ಕೂರಿ ಅಂದರೆ ಕೂರಲಿಲ್ಲ.

'ಅಷ್ಟು ವರ್ಷ ಕಾಗದ ಹಂಚಿದೆ ಮಾರಾಯ. ಒಂದನ್ನೂ ಒಡೆದು ಓದಿ ಕೊಟ್ಟವನಲ್ಲ' ಅಂದರು.

ಅಷ್ಟೇ. ನಾಯಿಗೆ 'ನಡಿ' ಅಂದು ಹೊರಟರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಜಗಲಿಗೆ ಅವರು ಬರಲಿಲ್ಲ. ದೀಪಾವಳಿ ಹೊತ್ತಿಗೆ ಗುಂಪೂ ನಿಂತಿತು. ಕೊಯ್ಲು ಬಂತು, ಕೆಲಸ ಜಾಸ್ತಿ ಅಂತ ಎಲ್ಲರೂ ಹೇಳಿಕೊಂಡೆವು.

ಕವರ್ ಬಿಚ್ಚಿದಾಗ ಪುಸ್ತಕದ ಒಳಗೆ ಒಂದು ಹಳೇ ಇನ್‌ಲ್ಯಾಂಡ್ ಲೆಟರ್ ಸಿಕ್ಕಿತು. ಅದರ ಹಿಂದೆ ಮಾವ ಪೆನ್ಸಿಲ್‌ನಲ್ಲಿ ನಕ್ಷೆ ಬರೆದಿದ್ದರು. ಕಾದಂಬರಿಯಲ್ಲಿ ಬರುವ ದಾರಿಗಳ ನಕ್ಷೆ. ಮೇಗರವಳ್ಳಿ, ಅಲ್ಲಿಂದ ಆಗುಂಬೆ ಕಡೆ ಹೋಗುವ ದಾರಿ, ಈ ಕಡೆ ತೀರ್ಥಹಳ್ಳಿ, ನಡುವೆ ಹತ್ತುವ ಗುಡ್ಡ, ಇಳಿಯುವ ಹಳ್ಳ. ಯಾವುದು ಈಗಿನ ಟಾರು ರಸ್ತೆ, ಯಾವುದು ಹಳೇ ಕಾಲುದಾರಿ ಅಂತ ಬೇರೆ ಬೇರೆ ಗೆರೆ. ಒಂದು ಗುಡ್ಡದ ಪಕ್ಕ 'ಇಂಬಳ ವಿಪರೀತ' ಅಂತ ಬರೆದಿತ್ತು. ಇಂಬಳ ಅಂದರೆ ಕಾಡಿನ ಜಿಗಣೆ. ಇದು ಕಾದಂಬರಿಯದ್ದಲ್ಲ, ಅವರ ಸ್ವಂತ ಕಾಲಿನದ್ದು. ಆ ಸೀಮೆಯಲ್ಲಿ ಮನೆಮನೆಗೆ ನಡೆದ ಮನುಷ್ಯ ಆ ಪುಸ್ತಕದ ಬಗ್ಗೆ ಏನು ಹೇಳುತ್ತಿದ್ದರೋ ಅದು ನಮಗ್ಯಾರಿಗೂ ಹೇಳೋಕೆ ಬರುತ್ತಿರಲಿಲ್ಲ. ನಕ್ಷೆ ಅರ್ಧಕ್ಕೆ ನಿಂತಿದೆ. ಹೊಳೆವರೆಗೆ ಬಂದಿಲ್ಲ.

ನಾನು ಅಳಿಸೋಕೆ ನೋಡಿದೆ. ಕೆಂಪು ನೀಲಿ ರಬ್ಬರ್ ಇರುತ್ತದಲ್ಲ, ಅದರ ನೀಲಿ ತುದಿಯಿಂದ ಉಜ್ಜಿದೆ. ಮಳೆಗಾಲದ ತೇವಕ್ಕೆ ಮೆತ್ತಗಾಗಿದ್ದ ಕಾಗದ ಹರಿದು ತೂತಾಯಿತು. ಪುಟದ ಆ ಕಡೆಯ ಅಕ್ಷರವೂ ಹೋಯಿತು.

ಮರುವರ್ಷ ಅಕ್ಟೋಬರ್‌ನಲ್ಲಿ ಹೆಗ್ಗೋಡಿಗೆ, ನೀನಾಸಂ ನಾಟಕ ಸಂಸ್ಥೆಯ ಸಂಸ್ಕೃತಿ ಶಿಬಿರಕ್ಕೆ ಹೋಗಿದ್ದೆ. ಅಲ್ಲಿ ರಾತ್ರಿ ನಾಟಕ, ಬೆಳಿಗ್ಗೆ ಅದರ ಬಗ್ಗೆ ಮಾತುಕತೆ. ಒಬ್ಬರು ಚೆನ್ನಾಗಿಲ್ಲ ಅನ್ನುತ್ತಾರೆ, ಇನ್ನೊಬ್ಬರು ಎದ್ದು ಹೇಗೆ ಚೆನ್ನಾಗಿಲ್ಲ ಅಂತ ಕೇಳುತ್ತಾರೆ. ಆಮೇಲೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಅಲ್ಲಿ ಕೂತು ನನಗೆ ಅರ್ಥವಾಯಿತು. ನಾಟಕ ಎಲ್ಲರಿಗೂ ಒಂದೇ ರಾತ್ರಿ ಮುಗಿಯುತ್ತದೆ. ಬೆಳಿಗ್ಗೆ ಎಲ್ಲರ ಹತ್ತಿರವೂ ಅವರವರ ನಾಟಕ ಇರುತ್ತದೆ. ಪುಸ್ತಕ ಹಾಗಲ್ಲ. ನೀವು ಕೊನೇ ಪುಟದಲ್ಲಿರುವಾಗ ಇನ್ನೊಬ್ಬರು ನಲವತ್ತನೇ ಪುಟದಲ್ಲಿ ಅಡುಗೆಮನೆ ದೀಪದ ಕೆಳಗೆ ಕೂತಿರುತ್ತಾರೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಯಾರಿಗೂ ಬೇಜಾರಾಗದ ಹಾಗೆ ಹೇಳೋದು ಹೇಗೆ ಅಂತ ಯಾಕೆ ಯೋಚಿಸುತ್ತೀರಿ? ಬೇಜಾರಾಗಲಿ ಬಿಡಿ. ಟೀಚರಮ್ಮನಿಗೂ ಕಂಡಕ್ಟರ್ ಅಣ್ಣನಿಗೂ ಆಗುತ್ತಿದ್ದ ಜಗಳದಿಂದ ನಮ್ಮ ಗುಂಪು ಒಡೆಯಲಿಲ್ಲ. ಅದರಿಂದಲೇ ಅಷ್ಟು ದಿನ ನಡೆದದ್ದು. ಒಡೆದದ್ದು ನನ್ನ ಅಭಿಪ್ರಾಯ ಪುಸ್ತಕಕ್ಕಿಂತ ಮೊದಲು ಅವರ ಮನೆಗೆ ಹೋಗಿದ್ದಕ್ಕೆ. ಎದುರು ಕೂತು 'ಈ ಪುಸ್ತಕ ಗೊರಬಲು' ಅನ್ನಿ, ಯಾರೋ ಒಬ್ಬರು 'ನಿನ್ನ ತಲೆ' ಅನ್ನುತ್ತಾರೆ, ಚೆನ್ನಾಗಿರುತ್ತದೆ. ಅಂಚಿನಲ್ಲಿ ಬರೆದ ಮಾತಿಗೆ ಯಾರು ಎದುರುತ್ತರ ಕೊಡುತ್ತಾರೆ? ವಾಟ್ಸಾಪೂ ಅಂಚೇ. ನೀವು ಎಂಟು ಸಾಲು ಬರೆದು ಹಾಕಿದ ಮೇಲೆ ಕೆಳಗೆ ಆರು ಹೆಬ್ಬೆಟ್ಟು ಬೀಳುತ್ತವೆ. ಅದನ್ನ ಚರ್ಚೆ ಅಂದುಕೊಳ್ಳಬೇಡಿ.

ಸ್ಟಾರ್ ಅಂತೂ ಬೇಡವೇ ಬೇಡ. ಅಡಿಕೆಗೆ ದರ್ಜೆ ಬೇಕು, ಯಾಕಂದರೆ ಅದನ್ನ ಮಾರಬೇಕು. ನೀವು ಆ ಪುಸ್ತಕ ಮಾರುತ್ತಿದ್ದೀರಾ?

ಬಿಸಿ ಆರುತ್ತದೆ ಅಂತ ಹೆದರಿಕೆ ಇದ್ದರೆ ಒಂದು ಬೇರೆ ನೋಟ್‌ಬುಕ್ ಇಟ್ಟುಕೊಳ್ಳಿ. ಪುಟದ ನಂಬರ್ ಹಾಕಿ ಏನು ಬೇಕಾದರೂ ಬರೆಯಿರಿ. ಗುಂಪಿನ ಎಲ್ಲರೂ 'ಮುಗೀತು' ಅಂದ ಮೇಲೆ ತೆಗೆಯಿರಿ. ಸೇರಿದ ದಿನ ಕೊನೆಗೆ ಮುಗಿಸಿದವರು ಮೊದಲು ಮಾತಾಡಲಿ, ಬೇಗ ಮುಗಿಸಿದವರು ಕೊನೆಗೆ. ಇದು ನನ್ನ ಈಗಿನ ಹಟ. ಟೀಚರಮ್ಮನ ಜಗಲಿಯಲ್ಲಿ ಮತ್ತೆ ಸೇರೋಕೆ ಶುರು ಮಾಡಿ ಎರಡು ವರ್ಷವಾಯಿತು, ಐದು ಜನ. ನಾನು ಕೊನೇ ಸರದಿಯವನು. ಕಾದೂ ಕಾದೂ ಅರ್ಧ ಮರೆತಿರುತ್ತೇನೆ, ಪರವಾಗಿಲ್ಲ.

ಮಾವನಿಗೆ ಆ ಕಾದಂಬರಿಯ ಹೊಸ ಪ್ರತಿ ತಂದುಕೊಟ್ಟಿದ್ದೆ. ಇಟ್ಟುಕೊಂಡರು. ಓದಿದರೋ ಇಲ್ಲವೋ ನಾನು ಕೇಳಲಿಲ್ಲ. ಕಪ್ಪು ನಾಯಿ ಈಗಿಲ್ಲ. ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ನನ್ನ ಕೈಯಲ್ಲಿದ್ದ ಚೀಲ ನೋಡಿ 'ಎಂಥದು ಓದ್ತಿದೀಯ ಈಗ?' ಅಂದರು. ತೆಗೆದು ತೋರಿಸಿದೆ. ಹೊರಳಿಸಿ ನೋಡಿದರು. ಸುಮ್ನೆ ಒಂದೆರಡು ಪುಟದ ಅಂಚನ್ನೂ ನೋಡಿದರು, ನನಗೆ ಗೊತ್ತಾಯಿತು. ಖಾಲಿ ಇತ್ತು.

'ಮುಗಿದ ಮೇಲೆ ಕೊಡು. ಹ್ಯಾಗಿದೆ ಅಂತ ಮಾತ್ರ ಹೇಳಬೇಡ' ಅಂದು ಕೊಪ್ಪದ ಬಸ್ ಹತ್ತಿದರು.